ಬಂದೂಕಿನ ಮರಕ್ಕೆ ಆರೈಕೆಯೇ ಪೀಡೆ

ಪರವಾನಗಿ ಬಂದೂಕುಗಳ ಮರ ಹಾಳಾಗುವುದು ಗುಂಡು ಹಾರಿಸಿ ಅಲ್ಲ, ಮೂಲೆಯಲ್ಲಿ ನಿಲ್ಲಿಸಿ, ಎಣ್ಣೆ ಹಚ್ಚಿ, ಪೂಜೆ ಮಾಡಿ. ಹಳೆಯ ಪಾಲಿಷ್ ತೆಗೆದು ಹೊಸದು ಹಚ್ಚುವ ಮುನ್ನ ನಂಜನಗೂಡು, ತಿ. ನರಸೀಪುರದ ರೈತರು ತಿಳಿದಿರಬೇಕಾದ ಸಂಗತಿಗಳು ಇಲ್ಲಿವೆ.

ಚುನಾವಣೆ ಘೋಷಣೆಯಾಯಿತೆಂದರೆ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಪೊಲೀಸ್ ಠಾಣೆಗಳಿಗೆ ಬಂದೂಕುಗಳು ಬರತೊಡಗುತ್ತವೆ. ಬೆಳೆ ಕಾಯಲೆಂದೋ ಆತ್ಮರಕ್ಷಣೆಗೆಂದೋ ಪರವಾನಗಿ ಪಡೆದವರು ಫಲಿತಾಂಶ ಬಂದು ನೀತಿಸಂಹಿತೆ ಮುಗಿಯುವವರೆಗೆ ಅವನ್ನು ಠೇವಣಿ ಇಡಬೇಕು. 2024ರಲ್ಲಿ ನೀತಿಸಂಹಿತೆ ಮಾರ್ಚ್ 16ರಿಂದ ಜೂನ್ 6ರವರೆಗೆ ಇತ್ತು. ಉರಿಬಿಸಿಲಿನಲ್ಲಿ ಒಳಗೆ ಹೋದದ್ದು ಹೊರಗೆ ಬರುವ ಹೊತ್ತಿಗೆ ಮುಂಗಾರು ಶುರು. ನಂಜನಗೂಡಿನವರಿಗಂತೂ 2017ರ ಏಪ್ರಿಲ್‌ನ ಉಪಚುನಾವಣೆ, ಮರುವರ್ಷ ವಿಧಾನಸಭೆ, ಅದರ ಮರುವರ್ಷ ಲೋಕಸಭೆ ಎಂದು ಮೂರು ವರ್ಷ ಸಾಲಾಗಿ ಚುನಾವಣೆ ಬಂದಿತ್ತು. ರಸೀದಿ ಕೊಟ್ಟು ಬಿಡಿಸಿಕೊಂಡ ಬಂದೂಕನ್ನು ಮನೆಯಲ್ಲಿ ಬಿಚ್ಚಿ ನೋಡಿದರೆ ನಳಿಕೆ ನೆಟ್ಟಗಿರುತ್ತದೆ. ಮರದ ಮೇಲೆ ಮಾತ್ರ ಬಿಳಿ ಮಬ್ಬು ಕವಿದಿರುತ್ತದೆ, ಕೈಯಿಟ್ಟರೆ ಅಂಟುತ್ತದೆ.

ಆ ಮಬ್ಬು ಅರಗಿನದು. ಸ್ಪಿರಿಟ್ ಪಾಲಿಷ್ ಎಂದು ನಾವು ಕರೆಯುವುದು ಅರಗನ್ನು ಮದ್ಯಸಾರದಲ್ಲಿ ಕರಗಿಸಿದ ದ್ರವವನ್ನೇ. ತೇವ ಸೋಂಕಿದರೆ ಅದು ಬೆಳ್ಳಗಾಗುತ್ತದೆ. ಮತದಾರರ ಬೆರಳಿಗೆ ಹಚ್ಚುವ ಶಾಯಿಗೂ ಅರಗಿಗೂ ಮೈಸೂರಿನಲ್ಲೇ ನಂಟಿದೆ. ಸುತ್ತಲ ಕಾಡಿನ ಅರಗನ್ನು ಬಳಸಿಕೊಳ್ಳಲೆಂದು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಶುರುವಾಯಿತು. ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಅದೇ. 1962ರಿಂದ ದೇಶದ ಚುನಾವಣೆಗಳಿಗೆ ಅಳಿಸಲಾಗದ ಶಾಯಿ ಹೋಗುತ್ತಿರುವುದೂ ಅಲ್ಲಿಂದಲೇ.

ಆಚಾರ್ರ ಅಂಗಡಿಗೆ ಒಯ್ಯುವ ಹಾಗಿಲ್ಲ

ಮಂಚವೋ ಬಾಗಿಲೋ ಆಗಿದ್ದರೆ ಆಚಾರ್ರ ಮನೆ ಮುಂದೆ ಇಳಿಸಿ, "ಹಬ್ಬಕ್ಕೆ ಮುಂಚೆ ಹೊಳೀಬೇಕು ಆಚಾರ್ರೇ" ಎಂದು ಹೇಳಿ ಬರಬಹುದು. ಬಂದೂಕಿನ ವಿಷಯದಲ್ಲಿ ಹಾಗಾಗದು. 1959ರ ಆಯುಧ ಕಾಯ್ದೆಯ 3ನೇ ಕಲಂ ಪ್ರಕಾರ ಪರವಾನಗಿ ಇಲ್ಲದವರು ಅದನ್ನು ಇಟ್ಟುಕೊಳ್ಳುವುದೇ ಅಪರಾಧ. 5ನೇ ಕಲಂ ಪ್ರಕಾರ ರಿಪೇರಿ ಮಾಡಲೂ ಪ್ರತ್ಯೇಕ ಪರವಾನಗಿ ಬೇಕು. 'ಮರ ಮಾತ್ರ ಬಿಚ್ಚಿ ಕೊಡುತ್ತೇನೆ' ಎನ್ನುವವರು 2ನೇ ಕಲಮನ್ನು ಓದಬೇಕು. ಅಲ್ಲಿ ಆಯುಧ ಎನ್ನುವುದರ ವ್ಯಾಖ್ಯೆಯೊಳಗೆ ಬಿಡಿಭಾಗಗಳೂ ಬರುತ್ತವೆ. ಹಾಗಾಗಿ ದಾರಿ ಎರಡೇ: ಪರವಾನಗಿ ಇರುವ ಬಂದೂಕಿನ ಅಂಗಡಿಗೆ ಕೊಡುವುದು, ಇಲ್ಲವೇ ಪರವಾನಗಿದಾರರು ಮನೆಯಲ್ಲಿ ತಾವೇ ಒರೆಸಿ ಪಾಲಿಷ್ ಮಾಡಿಕೊಳ್ಳುವುದು. ಮರ ಸೀಳಿದ್ದರೆ, ಕೀಲು ಸಡಿಲಾಗಿದ್ದರೆ ಅದು ಮನೆಗೆಲಸವಲ್ಲ, ಅಂಗಡಿಯದೇ ಕೆಲಸ.

ನೆರೆಯ ಕೊಡಗಿನ ಕಥೆ ಬೇರೆ. ಅಲ್ಲಿ ಕೊಡವರಿಗೂ ಜಮ್ಮಾ ಎಂಬ ಪಾರಂಪರಿಕ ಭೂಮಿಯ ಹಿಡುವಳಿದಾರರಿಗೂ ಪರವಾನಗಿಯಿಂದಲೇ ವಿನಾಯಿತಿ ಉಂಟು. ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್‌ವರೆಗೆ ವಿಸ್ತರಿಸಿದೆ, ರಾಜ್ಯ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿದಿದೆ. ಸೆಪ್ಟೆಂಬರ್ ಆರಂಭದ ಆಯುಧ ಹಬ್ಬ ಕೈಲ್‌ಪೊಳ್ದ್‌ಗೆ ಕೋವಿಗಳನ್ನು ಒರೆಸಿಟ್ಟು ತೋಕ್ ಪೂ (ಕೋವಿ ಹೂ) ಮುಡಿಸಿ ಪೂಜಿಸುತ್ತಾರೆ. ಮನೆತನದ ಕೋವಿಯ ಜೊತೆಗೆ ಅದನ್ನು ನೋಡಿಕೊಳ್ಳುವ ರೂಢಿಯೂ ಅಲ್ಲಿ ಇಳಿದು ಬಂದಿದೆ. ಬಯಲುಸೀಮೆಯ ನಮ್ಮ ರೈತರ ಬಂದೂಕು ಹೆಚ್ಚಾಗಿ ಒಬ್ಬನ ಹೆಸರಿನ ಪರವಾನಗಿಯ ಮೇಲೆ ಬಂದದ್ದು. ಕಾಯ್ದೆಯ 13ನೇ ಕಲಂ ಬೆಳೆ ರಕ್ಷಣೆಗೆ ಮೊದಲು ಹೆಸರಿಸುವುದೇ ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ತೋಟಾ ಹಾಕುವ ಒಂಟಿನಳಿಗೆ, ಜೋಡಿನಳಿಗೆ ಬಂದೂಕುಗಳು ಸಿಗುತ್ತವೆ.

ಕೆಲಸವಿಲ್ಲದ ಬಂದೂಕು

ನಂಜನಗೂಡು ತಾಲ್ಲೂಕಿನ ಹೆಡಿಯಾಲದ ಕಡೆ ಬಂಡೀಪುರದ ಕಾಡು ಹೊಲದ ಬದುವಿಗೇ ಬಂದು ನಿಲ್ಲುತ್ತದೆ. ಆನೆ, ಹಂದಿ ಎರಡೂ ಬರುತ್ತವೆ. ತಿ. ನರಸೀಪುರದ ಕಡೆ ನಾಲೆ ನೀರಿನ ಗದ್ದೆ ಮತ್ತು ಕಬ್ಬು. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಬಂದೂಕಿನ ಕೆಲಸ ಬಹುಪಾಲು ಗಾಳಿಯಲ್ಲಿ ಸದ್ದು ಮಾಡುವುದು ಅಷ್ಟೇ. ಅದನ್ನೂ ಈಗ ಪಟಾಕಿ, ಸೋಲಾರ್ ಬೇಲಿ, ರೈಲು ಹಳಿಯ ಬೇಲಿಗಳು ಹಂಚಿಕೊಂಡಿವೆ. ಬಂದೂಕು ವರ್ಷದ ಬಹುಪಾಲು ಕೋಣೆಯ ಮೂಲೆಯಲ್ಲಿ ನಳಿಕೆ ಮೇಲೆ ಮಾಡಿಕೊಂಡು ನಿಂತಿರುತ್ತದೆ.

ಮರ ಕೆಡುವುದು ಅಲ್ಲೇ. ತುಕ್ಕು ಹಿಡಿಯದಿರಲಿ ಎಂದು ಕಬ್ಬಿಣಕ್ಕೆ ಧಾರಾಳವಾಗಿ ಹಚ್ಚಿದ ಎಣ್ಣೆ ತಿಂಗಳುಗಟ್ಟಲೆ ಕೆಳಗಿಳಿಯುತ್ತ ಹೋಗಿ, ಕಬ್ಬಿಣವೂ ಮರವೂ ಕೂಡುವ ಕಡೆ, ಅಂದರೆ ಹೆಗಲಿಗೆ ಒತ್ತುವ ಹಿಂಬದಿಯ ಮರದ, ಬಟ್ಟಿನ, ಕುತ್ತಿಗೆಗೆ ಇಂಗುತ್ತದೆ. ಇಡೀ ಮರದಲ್ಲಿ ಅತಿ ಸಣ್ಣಗಿರುವ ಜಾಗ ಅದು. ಗುಂಡು ಹಾರಿದಾಗ ಹಿಂದಕ್ಕೆ ಒದೆಯುವ ಪೆಟ್ಟು ಬೀಳುವುದೂ ಅದರ ಮೇಲೆಯೇ. ಯಂತ್ರದೆಣ್ಣೆ ಕುಡಿದ ಮರ ಮೊದಲು ಕಪ್ಪಾಗುತ್ತದೆ, ಆಮೇಲೆ ಮೆತ್ತಗಾಗುತ್ತದೆ, ಕೊನೆಗೆ ಸೀಳುತ್ತದೆ. ಗುಂಡನ್ನೇ ಕಾಣದ ಬಂದೂಕಿನ ಮರ ಬಿರುಕು ಬಿಡುವುದು ಹೀಗೆ.

ಎರಡನೆಯ ಪೆಟ್ಟು ಆಯುಧಪೂಜೆಯದು. ಮೈಸೂರು ಸೀಮೆಯಲ್ಲಿ ಆ ದಿನ ಕುಡುಗೋಲಿನಿಂದ ಟ್ರ್ಯಾಕ್ಟರಿನವರೆಗೆ ಎಲ್ಲಕ್ಕೂ ಗಂಧ, ಅರಿಶಿನ, ಕುಂಕುಮ. ಒದ್ದೆ ಗಂಧ ಸ್ಪಿರಿಟ್ ಪಾಲಿಷ್ ಮೇಲೆ ಒಣಗಿದರೆ ಬಿಳಿ ಉಂಗುರ ಉಳಿಯುತ್ತದೆ. ಅರಿಶಿನದ ಬಣ್ಣದ್ದು ಇನ್ನೂ ಕಿರಿಕಿರಿ. ಅದು ನೀರಿಗೆ ಬಿಡದು, ಸ್ಪಿರಿಟ್ಟಿಗೆ ಕರಗುತ್ತದೆ. ಸ್ಪಿರಿಟ್ ಬಟ್ಟೆಯಿಂದ ಒರೆಸಿದವರು ಕಲೆಯನ್ನು ತೆಗೆಯುವ ಬದಲು ಮರದ ಎಳೆಯೊಳಕ್ಕೆ ಕಳಿಸಿರುತ್ತಾರೆ. ಒಣಗಿದ ಅರಿಶಿನ ಕುಂಕುಮವನ್ನು ಮೊದಲು ಮೆತ್ತನೆಯ ಬ್ರಷ್ಷಿನಿಂದ ಉದುರಿಸಬೇಕು. ಉಳಿದ ಹಳದಿ ಬಿಸಿಲಿಗೆ ತಾನಾಗಿ ಮಾಸುತ್ತದೆ.

ಮೂರನೆಯದು ಅಡುಗೆಮನೆಯದು. ಮರ ಒಣಗಿ ಕಂಡಿತೆಂದು ತೆಂಗಿನೆಣ್ಣೆ, ಹರಳೆಣ್ಣೆ ತಿಕ್ಕುವವರಿದ್ದಾರೆ. ಇವು ಎಂದಿಗೂ ಆರದ ಎಣ್ಣೆಗಳು. ಮರದ ಮೇಲೆ ಅಂಟಾಗಿ ಉಳಿದು ದೂಳು ಹಿಡಿಯುತ್ತವೆ, ಕಮಟುತ್ತವೆ. ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುವ ಗುಣ ಅಗಸೆ ಎಣ್ಣೆಗಿದೆ. ಆ ಗುಣವನ್ನು ಅಳೆಯುವ ಅಯೋಡಿನ್ ಮೌಲ್ಯ ಅಗಸೆ ಎಣ್ಣೆಗೆ 170ಕ್ಕೂ ಹೆಚ್ಚು, ತೆಂಗಿನೆಣ್ಣೆಗೆ ಹತ್ತರ ಆಸುಪಾಸು.

ಮೈಮೇಲೆ ಇರುವುದೇನು?

ಹಳೆಯ ಹೊದಿಕೆ ತೆಗೆಯುವ ಮುನ್ನ ಅದು ಯಾವುದೆಂದು ತಿಳಿಯಬೇಕು. ಅದಕ್ಕೂ ಮುನ್ನ ಬಂದೂಕು ಖಾಲಿಯಿದೆಯೇ ಎಂದು ನೋಡಬೇಕು. ತೋಟಾ ಬಂದೂಕಾದರೆ ನಳಿಕೆ ಬಾಗಿಸಿ ತೆರೆದು ನೋಡಿದರೆ ತಿಳಿಯುತ್ತದೆ. ಬಾಯಿಯಿಂದ ತುಂಬುವ ಕೋವಿಯಲ್ಲಿ ಅಜ್ಜ ಜಡಿದಿಟ್ಟ ಮದ್ದು ಹಾಗೇ ಇದ್ದೀತು. ಮದ್ದು ಜಡಿಯುವ ಸಲಾಕೆಯನ್ನು ನಳಿಕೆಯೊಳಗೆ ಪೂರ್ತಿ ಇಳಿಸಿ, ಬಾಯಿಯ ಮಟ್ಟಕ್ಕೆ ಗುರುತು ಮಾಡಿ, ಹೊರಗೆ ತೆಗೆದು ನಳಿಕೆಯ ಪಕ್ಕಕ್ಕೆ ಹಿಡಿದು ನೋಡಿ. ಸಲಾಕೆ ತಳ ಮುಟ್ಟಿಲ್ಲವೆಂದರೆ ಒಳಗೆ ಏನೋ ಇದೆ. ಅದನ್ನು ಮನೆಯಲ್ಲಿ ಕೆದಕಬೇಡಿ, ಪರವಾನಗಿ ಇರುವ ಅಂಗಡಿಯವರನ್ನೋ ಠಾಣೆಯವರನ್ನೋ ಕೇಳಿ.

ಪರೀಕ್ಷೆಗೆ ಹೊರಗೆ ಕಾಣದ ಜಾಗ ಆರಿಸಿ. ಬಟ್ಟಿನ ಹಿಂದಿನ ತಗಡು ಬಿಚ್ಚಿದರೆ ಅದರ ಅಂಚಿನಲ್ಲಿ ಸಿಗುತ್ತದೆ. ಸ್ಪಿರಿಟ್ ಅದ್ದಿದ ಹತ್ತಿಯನ್ನು ಅಲ್ಲಿ ಒಂದು ನಿಮಿಷ ಒತ್ತಿ ಹಿಡಿಯಿರಿ. ಅಂಟಾಗಿ ಹತ್ತಿಗೆ ಕಂದು ಬಣ್ಣ ಹತ್ತಿದರೆ ಅದು ಅರಗು. ಸ್ಪಿರಿಟ್ಟಿಗೆ ಜಗ್ಗದೆ ಥಿನ್ನರಿಗೆ ಕರಗಿದರೆ ಲ್ಯಾಕರ್. ಎರಡಕ್ಕೂ ಜಗ್ಗದೆ ಗಾಜಿನಂಥ ಪದರ ಹಾಗೇ ಉಳಿದರೆ ಮೆಲಮೈನ್, ಪಿಯು (ಪಾಲಿಯುರಿಥೇನ್) ಅಥವಾ ಹಳೆಯ ವಾರ್ನಿಷ್. ಪದರವೇ ಇಲ್ಲದೆ ಮರ ಬರಿಗೈಗೆ ಸಿಗುವಂತಿದ್ದರೆ ಅದು ಅಗಸೆ ಎಣ್ಣೆಯದು. ಬಾಗಿಲಿಗೆ ಬಳಿದು ಉಳಿದ ಆಯಿಲ್ ಪೇಂಟನ್ನೇ ಬಂದೂಕಿಗೂ ಬಳಿದ ಮನೆಗಳುಂಟು. ಅಂಥದ್ದನ್ನು ಒಣ ಉಪ್ಪುಕಾಗದದಿಂದ ತಿಕ್ಕಬಾರದು. ಮನೆಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಯಾದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೆಯ ಬಣ್ಣದ ದೂಳು ಮಕ್ಕಳಿರುವ ಮನೆಯಲ್ಲಿ ಹಾರಬಾರದು.

ಮರ ಯಾವುದೆಂಬುದೂ ಮುಖ್ಯ. ಬಂದೂಕಿನ ಮರವೆಂದರೆ ಮೊದಲ ಹೆಸರು ಅಕ್ರೋಟಿನದು. ಅದು ಹಗುರ, ಪೆಟ್ಟು ತಾಳುತ್ತದೆ, ಹವೆ ಬದಲಾದರೂ ಹೆಚ್ಚು ಸೊಟ್ಟಗಾಗದು. ಹಳೆಯದು ಮುರಿದು ಊರಿನಲ್ಲೇ ಮರ ಹಾಕಿಸಿದ್ದರೆ ತೇಗ, ಬೀಟೆ, ಹಲಸು ಯಾವುದೂ ಇದ್ದೀತು. ಬೀಟೆಯೊಳಗಿನ ಸಹಜ ರಸಗಳು ಅಗಸೆ ಎಣ್ಣೆಯನ್ನು ಆರಗೊಡುವುದಿಲ್ಲ, ತೇಗದಲ್ಲೂ ಅದು ನಿಧಾನ. ಮೈಸೂರಿನ ಬೀಟೆ ಕೆತ್ತುಕೂಡಿಕೆಯವರು ಅರಗಿನ ಪಾಲಿಷ್ ನೆಚ್ಚಿಕೊಂಡು ಬಂದಿರುವುದು ಸುಮ್ಮನೆ ಅಲ್ಲ.

ಕಳೆಯುವ ಕೆಲಸ

ಅರಗಿನದಾದರೆ ಕೆಲಸ ಸುಲಭ. ಸ್ಪಿರಿಟ್‌ನಲ್ಲಿ ನೆನೆಸಿದ ಹಳೆಯ ಹತ್ತಿ ಬಟ್ಟೆಯನ್ನು ಮರಕ್ಕೆ ಸುತ್ತಿ ಸ್ವಲ್ಪ ಹೊತ್ತು ಬಿಟ್ಟರೆ ಪದರ ಮೆತ್ತಗಾಗುತ್ತದೆ. ಎಳೆಯ ಗುಂಟ ಒರೆಸಿ ತೆಗೆಯಬಹುದು. ಬರೀ ಬಿಳಿ ಮಬ್ಬು ಮಾತ್ರ ಇದ್ದರೆ ಅಷ್ಟೂ ಬೇಡ. ಹಿಂಡಿದ ಸ್ಪಿರಿಟ್ ಬಟ್ಟೆಯನ್ನು ಎಲ್ಲೂ ನಿಲ್ಲಿಸದೆ ಮೇಲೆ ಮೇಲೆ ಸವರಿದರೆ ಅರಗು ಅರೆಗಳಿಗೆ ಕರಗಿ ಮತ್ತೆ ಕೂರುತ್ತದೆ, ಒಳಗಿನ ತೇವ ಹಾರಿ ಮಬ್ಬು ಹೋಗುತ್ತದೆ. ಠಾಣೆಯಿಂದ ಬಂದ ಬಹಳಷ್ಟು ಬಂದೂಕುಗಳಿಗೆ ಇಷ್ಟೇ ಸಾಕು. ಪಾಲಿಷಿನ ಸ್ಪಿರಿಟ್ಟಿಗೆ ವಿಷ ಬೆರೆಸಿರುತ್ತಾರೆ, ಕೆಲಸ ಜಗಲಿಯ ಮೇಲೆ ನಡೆಯಲಿ.

ಮೆಲಮೈನ್, ಪಿಯುಗಳಿಗೆ ಪೇಂಟ್ ರಿಮೂವರ್ ಬೇಕಾಗುತ್ತದೆ. ಹಲವು ರಿಮೂವರ್‌ಗಳಲ್ಲಿರುವ ಡೈಕ್ಲೋರೋಮೀಥೇನ್ ಮುಚ್ಚಿದ ಕೋಣೆಯಲ್ಲಿ ಜೀವ ತೆಗೆದದ್ದುಂಟು. ಅಮೆರಿಕ 2019ರಲ್ಲಿ ಮನೆಬಳಕೆಗೆ ಅಂಥ ರಿಮೂವರ್‌ಗಳ ಮಾರಾಟವನ್ನೇ ನಿಲ್ಲಿಸಿತು. ಬಯಲಲ್ಲಿ, ಕೈಗವಸು ಹಾಕಿ ಮಾಡಬೇಕಾದ ಕೆಲಸ ಇದು. ಪದರ ಮೆತ್ತಗಾದ ಮೇಲೆ ಕಬ್ಬಿಣದ ಬ್ಲೇಡಿನ ಬದಲು ಬಿದಿರ ಸಿಬಿರಿನಿಂದ ಎತ್ತಿ, ಹಿಡಿಯ ಚೌಕುಳಿ ಗೀರುಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಬಿಡಿಸಿ. ಕಾಸ್ಟಿಕ್ ಸೋಡಾ ನೀರಲ್ಲಿ ಮುಳುಗಿಸುವ ವಿದ್ಯೆ ಕಬ್ಬಿಣದ ಕಿಟಕಿಗೆ ಸರಿ. ಮರದಲ್ಲಿ ಅದು ಎಳೆಯನ್ನೇ ಕೆಡಿಸಿ ಕಪ್ಪು ಮಾಡುತ್ತದೆ.

ಅತಿ ಹೆಚ್ಚು ಹಾನಿ ಮಾಡುವುದು ಉಪ್ಪುಕಾಗದ. ಕಾರ್ಖಾನೆಯಲ್ಲಿ ಮರವನ್ನು ಕಬ್ಬಿಣಕ್ಕಿಂತ ಕೂದಲೆಳೆಯಷ್ಟು ಎತ್ತರ ಬಿಟ್ಟಿರುತ್ತಾರೆ. ತಿಕ್ಕುತ್ತ ಹೋದರೆ ಆ ಅಂಚು ಸವೆದು, ಕಬ್ಬಿಣ ಮೇಲೆದ್ದು, ಬಂದೂಕು ಸಾಲದ ಅಂಗಿ ತೊಟ್ಟಂತೆ ಕಾಣುತ್ತದೆ. ಕಳೆದ ಮರವನ್ನು ಮತ್ತೆ ಅಂಟಿಸಲಾಗದು. ತಗ್ಗುಗಳಿಗೂ ತಿಕ್ಕುವುದು ಮದ್ದಲ್ಲ. ಬಿದ್ದು ನಗ್ಗಿದ ಜಾಗದಲ್ಲಿ ಎಳೆ ತುಂಡಾಗಿಲ್ಲದಿದ್ದರೆ ಒದ್ದೆ ಬಟ್ಟೆ ಮುಚ್ಚಿ ಇಸ್ತ್ರಿಪೆಟ್ಟಿಗೆಯ ಮೊನೆ ಮುಟ್ಟಿಸಿ. ಆವಿ ಹೊಕ್ಕು ಎಳೆ ಉಬ್ಬಿ ತಗ್ಗು ತುಂಬಿಕೊಳ್ಳುತ್ತದೆ. ಆವಿಗೆ ಎದ್ದ ನವಿರನ್ನು, ಮರ ಪೂರ್ತಿ ಒಣಗಿದ ಮೇಲೆ, ಸವೆದ ನಯದ ಕಾಗದದಿಂದ ಒಮ್ಮೆ ಎಳೆಯ ಗುಂಟ ಸವರಿದರೆ ಮುಗಿಯಿತು.

ಕುತ್ತಿಗೆಗೆ ಇಂಗಿದ ಯಂತ್ರದೆಣ್ಣೆಗೆ ಸೀಮೆಸುಣ್ಣದ ಪುಡಿ ಬೇಕು. ಪುಡಿಯನ್ನು ಥಿನ್ನರಿನಲ್ಲಿ ಕಲಸಿ ದಪ್ಪಗೆ ಮೆತ್ತಿ ಬಿಸಿಲಿಗಿಟ್ಟರೆ ಎಣ್ಣೆ ಮೇಲೆದ್ದು ಪುಡಿ ಕಂದಾಗುತ್ತದೆ. ಉದುರಿಸಿ, ಮತ್ತೆ ಮೆತ್ತಿ, ಪುಡಿ ಬೆಳ್ಳಗೇ ಉಳಿಯುವವರೆಗೆ ಮಾಡಬೇಕು. ವಾರಗಟ್ಟಲೆ ಹಿಡಿಯುವ ಕೆಲಸ. ಎಣ್ಣೆ ಹೋಗದೆ ಮೇಲೆ ಹಚ್ಚಿದ ಪಾಲಿಷ್ ನಿಲ್ಲದು.

ಕಬ್ಬಿಣದ ಕಡೆಗೆ ಕೈ ಹೋಗದಂತೆ ನೋಡಿಕೊಳ್ಳಿ. ಮರದ ಜೊತೆ ಅದೂ ಹೊಳೆಯಲಿ ಎಂದು ಬಫಿಂಗ್ ಹಿಡಿಸಿ ಬಂದೂಕಿನ ನಂಬರು ಮಸುಕಾದರೆ, ಗುರುತು ಅಳಿಸುವುದನ್ನು ನಿಷೇಧಿಸುವ 8ನೇ ಕಲಮಿಗೆ ಉತ್ತರ ಹೇಳಬೇಕಾದೀತು.

ಹಚ್ಚುವ ಕೆಲಸ

ಅಕ್ರೋಟಿನ ಮರಕ್ಕೆ ಅಗಸೆ ಎಣ್ಣೆ ಹಳೆಯ ಜೊತೆ. ಬ್ರಿಟಿಷ್ ಸೇನೆಯ .303 ರೈಫಲ್‌ಗಳ ಮರಕ್ಕೆ ಹಾಕುತ್ತಿದ್ದುದು ಹಸಿ ಅಗಸೆ ಎಣ್ಣೆಯನ್ನೇ. ಹಸಿ ಎಣ್ಣೆ ಆರಲು ದಿನಗಟ್ಟಲೆ ಬೇಕು. ಹಾರ್ಡ್‌ವೇರ್ ಅಂಗಡಿಯ 'ಬಾಯ್ಲ್ಡ್ ಲಿನ್‌ಸೀಡ್' ಬೇಗ ಆರುವುದು ಅದಕ್ಕೆ ಸೇರಿಸಿದ ಕೋಬಾಲ್ಟ್, ಮ್ಯಾಂಗನೀಸ್ ಲವಣಗಳಿಂದ. ಕೆಲವೇ ಹನಿ ಅಂಗೈಯಲ್ಲಿ ಹಾಕಿಕೊಂಡು ಮರ ಬೆಚ್ಚಗಾಗುವವರೆಗೆ ಉಜ್ಜಿ, ಹೀರದೆ ಉಳಿದದ್ದನ್ನು ಒಣಬಟ್ಟೆಯಿಂದ ಒರೆಸಿ, ಪೂರ್ತಿ ಆರಿದ ಮೇಲೆ ಮುಂದಿನ ಕೈ. ಹೆಚ್ಚು ಹಚ್ಚಿದಷ್ಟೂ ಅಂಟು ಹೆಚ್ಚು.

ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಅಗಸೆ ಎಣ್ಣೆ ಆರುವಾಗ ಶಾಖ ಹುಟ್ಟುತ್ತದೆ, ಮುದ್ದೆಯೊಳಗೆ ಸಿಕ್ಕಿಬಿದ್ದ ಶಾಖದಿಂದ ಬಟ್ಟೆ ತಾನಾಗಿ ಹೊತ್ತಿಕೊಳ್ಳುತ್ತದೆ. 1991ರ ಫೆಬ್ರುವರಿಯಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಒನ್ ಮೆರಿಡಿಯನ್ ಪ್ಲಾಜಾ ಎಂಬ 38 ಅಂತಸ್ತಿನ ಕಟ್ಟಡ ಸುಟ್ಟು ಮೂವರು ಅಗ್ನಿಶಾಮಕ ಸಿಬ್ಬಂದಿ ಸತ್ತರು. ಗೋಡೆಯ ಮರಕ್ಕೆ ಪಾಲಿಷ್ ಮಾಡಿದವರು ಬಿಟ್ಟುಹೋದ ಅಗಸೆ ಎಣ್ಣೆಯ ಬಟ್ಟೆಗಳೇ ಅದಕ್ಕೆ ಮೂಲ. ಬಟ್ಟೆಯನ್ನು ನೀರಲ್ಲಿ ಅದ್ದಿ ಬಯಲಲ್ಲಿ ಹರಡಿ ಒಣಗಿಸಿ.

ಬೀಟೆ, ತೇಗಕ್ಕೆ ಸ್ಪಿರಿಟ್ ಪಾಲಿಷೇ ಸರಿ. ಮುತ್ತುಗ, ಎಲಚಿಯಂಥ ಮರಗಳ ಮೇಲೆ ಕೂರುವ ಸಣ್ಣ ಹುಳ ಕೊಡುವ ಈ ಅರಗನ್ನು ಚಕ್ಕೆಯಾಗಿ ತಂದು ಬೇಕಾದಷ್ಟೇ ಕರಗಿಸಿಕೊಳ್ಳುವುದು ಜಾಣತನ. ಕರಗಿಸಿಟ್ಟ ಅರಗು ವರ್ಷ ಕಳೆದರೆ ಗಟ್ಟಿಯಾಗುವ ಗುಣ ಕಳೆದುಕೊಳ್ಳುತ್ತದೆ, ಎಷ್ಟು ದಿನ ಬಿಟ್ಟರೂ ಬೆರಳಿಗೆ ಅಂಟುತ್ತದೆ. ಬಟ್ಟೆಯೊಳಗೆ ಹತ್ತಿ ಕಟ್ಟಿದ ಪೊಟ್ಟಣದಿಂದ ತೆಳುವಾಗಿ, ಸವರಿದ ಜಾಗಕ್ಕೆ ಕೂಡಲೇ ಮರಳದೆ ಹಚ್ಚಬೇಕು. ಪಿಯು, ಮೆಲಮೈನ್‌ಗಳು ನೀರಿಗೆ ಗಟ್ಟಿ ನಿಜ. ಗೀರು ಬಿದ್ದರೆ ಅಲ್ಲಷ್ಟೇ ತೇಪೆ ಹಾಕಲು ಬರುವುದಿಲ್ಲ, ಇಡೀ ಪದರ ತೆಗೆಯಬೇಕು. ಅರಗು ಮತ್ತು ಎಣ್ಣೆಯ ಹೆಚ್ಚುಗಾರಿಕೆ ಇರುವುದು ಇಲ್ಲೇ. ಅವನ್ನು ಹಚ್ಚಿದ ಮರವನ್ನು ಮೊಮ್ಮಗನೂ ಸರಿಮಾಡಿಕೊಳ್ಳಬಹುದು.

ಯಾವುದನ್ನೇ ಹಚ್ಚಿ, ತಗಡಿನ ಹಿಂದೆ ಮುಚ್ಚಿರುವ ಕೊಯ್ದ ತುದಿಯನ್ನು ಮರೆಯಬೇಡಿ. ಮರ ನೀರು ಕುಡಿಯುವುದು ಆ ತುದಿಯಿಂದ. 2018 ಮತ್ತು 2019ರ ಆಗಸ್ಟ್‌ಗಳಲ್ಲಿ ಕಬಿನಿ ಜಲಾಶಯದಿಂದ ಬಿಟ್ಟ ನೀರಿಗೆ ನಂಜನಗೂಡಿನ ಕಪಿಲಾ ತೀರ ಮುಳುಗಿದಾಗ ಮನೆಯೊಳಗಿನ ಮರದ ಸಾಮಾನುಗಳ ಗತಿ ಏನಾಯಿತೆಂದು ಊರಿನವರಿಗೆ ಗೊತ್ತು. ನೆಲಕ್ಕೆ ಊರಿ ನಿಲ್ಲಿಸಿದ ಬಂದೂಕಿನಲ್ಲೂ ಮೊದಲು ತೇವ ಮುಟ್ಟುವುದು ಆ ಹಿಂತುದಿಗೇ.

ಉಳಿಸಬೇಕಾದ ಗುರುತುಗಳು

ಸೇನೆ, ಪೊಲೀಸ್ ಬಳಕೆಯ ರೈಫಲ್‌ಗಳ ಮರದ ಮೇಲೆ ಮುದ್ರೆಗಳಿರುತ್ತವೆ. 1904ರಲ್ಲಿ ಶುರುವಾದ ಬಂಗಾಳದ ಇಶಾಪುರ ರೈಫಲ್ ಕಾರ್ಖಾನೆಯ .303ಗಳಲ್ಲಿ ಮುಂಭಾಗದ ಮರ ಸೀಳದಂತೆ ಅಡ್ಡಲಾಗಿ ಹಾಕಿದ ಒಂದು ಸ್ಕ್ರೂ ಕಾಣಸಿಗುತ್ತದೆ. ಜಗತ್ತಿನ ಸಂಗ್ರಹಕಾರರು ಅದನ್ನು ಕಾರ್ಖಾನೆಯ ಹೆಸರಿನಿಂದಲೇ ಕರೆಯುತ್ತಾರೆ. .303 ನಾಗರಿಕರಿಗೆ ನಿಷಿದ್ಧವಾದ್ದರಿಂದ ಅದೇ ಕಾರ್ಖಾನೆ ಅದೇ ಮಾದರಿಯಲ್ಲಿ .315 ಬೇಟೆ ರೈಫಲ್ ಮಾಡಿ ಮಾರಿತು. ಇಂಥದ್ದರ ಮರವನ್ನು ಬೆಳ್ಳಗೆ ತಿಕ್ಕಿ ಟಚ್‌ವುಡ್ ಬಳಿದರೆ ಯಾವ ಕಾರ್ಖಾನೆಯದು, ಯಾರ ಕೈಯಲ್ಲಿ ಇದ್ದದ್ದು ಎಂದು ಹೇಳುವ ಮುದ್ರೆಗಳೇ ಹೋಗುತ್ತವೆ. ಹೊಲದ ಬಂದೂಕಿಗೆ ಮುದ್ರೆ ಇರಲಿಕ್ಕಿಲ್ಲ. ಆದರೆ ಕೆನ್ನೆ ಒತ್ತಿದ ಕಡೆ ಬಂದ ನಯ, ಹೆಗಲಿಗೆ ಹಾಕುವ ಪಟ್ಟಿ ಉಜ್ಜಿ ಬಂದ ಕಪ್ಪು ಅದಕ್ಕೂ ಇರುತ್ತವೆ. ಅವು ಕೊಳೆಯಲ್ಲ, ಬಿಟ್ಟರೆ ಮರಕ್ಕೆ ನಷ್ಟವಿಲ್ಲ. ಯಂತ್ರದೆಣ್ಣೆ, ಸೀಸದ ಬಣ್ಣ, ಅಂಟು, ಬಿಳಿ ಮಬ್ಬು ಇವಿಷ್ಟು ಹೋಗಬೇಕು.

ನವರಾತ್ರಿಗಲ್ಲ, ಮಾಘಕ್ಕೆ

ನಮ್ಮ ಕಡೆ ಈ ಕೆಲಸಕ್ಕೆ ಕೈ ಹಾಕುವುದು ಆಯುಧಪೂಜೆಗೆ ವಾರ ಇರುವಾಗ. ವರ್ಷದಲ್ಲಿ ಅದಕ್ಕಿಂತ ಕೆಟ್ಟ ವಾರ ಸಿಗಲಾರದು. ಮಳೆ ಇನ್ನೂ ಹಿಂದೆ ಸರಿದಿರುವುದಿಲ್ಲ, ಗಾಳಿಯಲ್ಲಿ ತೇವ ತುಂಬಿರುತ್ತದೆ, ಹಚ್ಚಿದ ಅರಗು ಆರುವಾಗಲೇ ಮಬ್ಬಾಗುತ್ತದೆ, ಅಗಸೆ ಎಣ್ಣೆ ಆರುವುದೇ ಇಲ್ಲ. ಆರದ ಮೈಗೆ ಅರಿಶಿನ ಕುಂಕುಮ ಬಿದ್ದು ಅಲ್ಲೇ ಕೂರುತ್ತದೆ. ಅದನ್ನು ತೆಗೆಯಲು ಮುಂದಿನ ವರ್ಷ ಮತ್ತೆ ತಿಕ್ಕಾಟ.

ಸಂಕ್ರಾಂತಿಯ ಸುಗ್ಗಿ ಮುಗಿದ ಮೇಲೆ ಶುರು ಮಾಡಿದರೆ ಮಾಘ, ಫಾಲ್ಗುಣಗಳ ಒಣ ಹವೆ ಸಿಗುತ್ತದೆ. ಸೀಮೆಸುಣ್ಣದ ಪುಡಿಗೆ ಬೇಕಾದ ಬಿಸಿಲೂ ಆಗ ಇರುತ್ತದೆ, ಪ್ರತಿ ಕೈ ಎಣ್ಣೆಗೆ ಬೇಕಾದ ದಿನಗಳೂ ಇರುತ್ತವೆ. ನಂಜನಗೂಡಿನ ದೊಡ್ಡ ಜಾತ್ರೆಯ ಐದು ತೇರು ಎಳೆಯುವ ಹೊತ್ತಿಗೆ ಮರ ಸಿದ್ಧವಾಗಿರುತ್ತದೆ. ಬೇಸಿಗೆಯಲ್ಲಿ ಚುನಾವಣೆ ಬಂದರೂ ಗಟ್ಟಿ ಮೈಯಲ್ಲೇ ಠಾಣೆಗೆ ಹೋಗುತ್ತದೆ. ಕೊಡುವ ಮುನ್ನ ಕಬ್ಬಿಣಕ್ಕೆ ಹಚ್ಚಿದ ಎಣ್ಣೆಯನ್ನು ಒರೆಸಿ ತೆಳುವಾಗಿಸಿ, ಗೋಣಿ ಪ್ಲಾಸ್ಟಿಕ್ ಬಿಟ್ಟು ಒಣ ಹತ್ತಿಬಟ್ಟೆಯಲ್ಲಿ ಸುತ್ತಿ, ಮರದ ಸ್ಥಿತಿಯ ಫೋಟೊ ತೆಗೆದಿಟ್ಟುಕೊಳ್ಳಿ.

ಆಯುಧಪೂಜೆಯ ದಿನ ಗಂಧ ಕುಂಕುಮವನ್ನು ಬಂದೂಕಿನ ಕೆಳಗೆ ಹಾಸಿದ ಬಾಳೆಲೆಗೆ ಇಟ್ಟರೂ ಪೂಜೆ ಪೂಜೆಯೇ. ಉಳಿದ ದಿನಗಳಲ್ಲಿ ಬಂದೂಕನ್ನು ಬೀಗದ ಬೀರುವಿನಲ್ಲಿ, ಬಾಯಿಯ ಕೆಳಗೆ ಬಟ್ಟೆ ಮಡಿಸಿಟ್ಟು, ನಳಿಕೆ ಕೆಳಗೆ ಮಾಡಿ ನಿಲ್ಲಿಸಿ. ಕಬ್ಬಿಣದ ಎಣ್ಣೆ ಆಗ ಮರದ ಕಡೆಗೆ ಇಳಿಯುವುದಿಲ್ಲ. ಇಷ್ಟು ಮಾಡಿದವರು ಹಳೆಯ ಪಾಲಿಷ್ ಕಳೆಯುವ ಕೆಲಸವನ್ನು ಇನ್ನೊಂದು ತಲೆಮಾರಿನ ಮಟ್ಟಿಗೆ ಮರೆಯಬಹುದು.